ಧ್ವನಿಮುದ್ರಣದ ಕೋಣೆಗೆ ಸದ್ದಿಲ್ಲದ ಕಂಪ್ಯೂಟರ್: ಯಾವ ಕ್ಯಾಬಿನೆಟ್, ಎಂತಹ ಕೂಲರ್?

ಪ್ರಶ್ನೆ: ಕಲಬುರಗಿಯಿಂದ

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಕೊಡುವ ಕೆಲಸವನ್ನು ಮೂರು ವರ್ಷಗಳಿಂದ ಮನೆಯಲ್ಲೇ ಮಾಡುತ್ತಿದ್ದೇನೆ. ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ. ನೆಲಕ್ಕೆ ಶಹಾಬಾದ್ ಫರಸಿ ಹಾಸಿದೆ, ಒಂದೇ ಒಂದು ಕಿಟಕಿ ಇದೆ. ಓದುವಾಗ ಕಿಟಕಿ, ಬಾಗಿಲು ಎರಡನ್ನೂ ಮುಚ್ಚಿ, ಮೇಲಿನ ಫ್ಯಾನನ್ನೂ ಆರಿಸಿ ಕೂರುತ್ತೇನೆ. ಹಾಗೆ ಕುಳಿತ ಮೇಲೆ ಕೋಣೆಯಲ್ಲಿ ಉಳಿಯುವ ಸದ್ದು ಕಂಪ್ಯೂಟರಿನದೊಂದೇ.

ಹೋದ ವರ್ಷ ಒಬ್ಬ ವಿದ್ಯಾರ್ಥಿನಿ, "ಸರ್, ನೀವು ಒಂದು ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಹಿಂದೆ ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ನಡೆದ ಹಾಗೆ ಕೇಳಿಸುತ್ತದೆ" ಎಂದಳು. ಆ ಮಕ್ಕಳು ಇಯರ್‌ಫೋನ್ ಹಾಕಿಕೊಂಡು, ವೇಗವನ್ನು ಒಂದೂವರೆ ಪಟ್ಟು ಏರಿಸಿಕೊಂಡು ದಿನಕ್ಕೆ ಮೂರು ನಾಲ್ಕು ಗಂಟೆ ಕೇಳುತ್ತಾರೆ. ಅಷ್ಟು ಹೊತ್ತು ಪಾಠದ ಜೊತೆಗೆ ಗಿರಣಿಯನ್ನೂ ಅವರ ಕಿವಿಗೆ ತುಂಬುವುದು ನನಗೆ ಸರಿ ಕಾಣಲಿಲ್ಲ. ಆಮೇಲೆ ನಾನೇ ಕೇಳಿ ನೋಡಿದೆ. ಮುದ್ರಣ ಆರಂಭವಾದ ಹತ್ತು ನಿಮಿಷದ ಬಳಿಕ ಫ್ಯಾನಿನ ಸದ್ದು ಮೆಲ್ಲಗೆ ಏರುತ್ತದೆ, ಅರ್ಧ ನಿಮಿಷ ಹಾಗೇ ಇದ್ದು ಇಳಿಯುತ್ತದೆ, ಮತ್ತೆ ಏರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಂತೂ ಅದು ಇಳಿಯುವುದೇ ಇಲ್ಲ.

ಈಗಿರುವುದು ಒಂಬತ್ತು ವರ್ಷದ ಹಳೆಯ ಯಂತ್ರವಾದ್ದರಿಂದ ಹೊಸದನ್ನೇ ಅಸೆಂಬಲ್ ಮಾಡಿಸಬೇಕೆಂದಿದ್ದೇನೆ. ಪ್ರೊಸೆಸರ್ ರೈಜನ್ 5 7600 ಎಂದು ಹೆಚ್ಚುಕಡಿಮೆ ನಿಶ್ಚಯಿಸಿದ್ದೇನೆ. ಧ್ವನಿ ಸಂಪಾದನೆ ಬಿಟ್ಟರೆ ಬೇರೆ ಭಾರಿ ಕೆಲಸವಿಲ್ಲ, ಆಟಗಳನ್ನಂತೂ ಆಡುವುದಿಲ್ಲ. ಅಂಗಡಿಯವರು ಮುಂಭಾಗಕ್ಕೆ ಪೂರ್ತಿ ಗಾಜು, ಒಳಗೆ ಬಣ್ಣದ ದೀಪದ ನಾಲ್ಕು ಫ್ಯಾನುಗಳಿರುವ ಕ್ಯಾಬಿನೆಟ್ಟನ್ನೂ 240 ಮಿ.ಮೀ.ನ ವಾಟರ್ ಕೂಲರನ್ನೂ ತೋರಿಸಿ, "ಇದರಷ್ಟು ಸೈಲೆಂಟ್ ಇನ್ನೊಂದಿಲ್ಲ" ಎನ್ನುತ್ತಿದ್ದಾರೆ. ಪರಿಚಿತರೊಬ್ಬರು, ಒಳಗೋಡೆಗೆ ಸ್ಪಂಜು ಅಂಟಿಸಿದ, ನಾಲ್ಕೂ ಕಡೆ ಮುಚ್ಚಿದ ಕ್ಯಾಬಿನೆಟ್ ಕೊಳ್ಳಿರಿ ಎನ್ನುತ್ತಾರೆ. ಕ್ಯಾಬಿನೆಟ್, ಕೂಲರ್ ಮತ್ತು ಫ್ಯಾನುಗಳಿಗೆಂದು 18,000 ರೂಪಾಯಿ ತೆಗೆದಿಟ್ಟಿದ್ದೇನೆ. ಅನುಭವವಿದ್ದವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ಮೈಸೂರಿನಿಂದ

ಸರ್, ನಮಸ್ಕಾರ. ಹನ್ನೆರಡು ವರ್ಷಗಳಿಂದ ಕಂಪ್ಯೂಟರ್ ಜೋಡಿಸುವುದೇ ನನ್ನ ಕಸುಬು. ನಿಮ್ಮ ಕೆಲಸದ ಉದ್ದೇಶ ತಿಳಿದ ಮೇಲೆ ಆತುರದ ಉತ್ತರ ಕೊಡಲು ಮನಸ್ಸಾಗದೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಸದ್ದನ್ನು ಪೆಟ್ಟಿಗೆಯೊಳಗೆ ಕೂಡಿಹಾಕಲು ಹೊರಡುವ ಮೊದಲು ಅದು ಹುಟ್ಟುವುದೇಕೆ ಎಂದು ನೋಡಬೇಕು. ಬಿಸಿ ಇರುವುದರಿಂದ ಫ್ಯಾನ್, ಫ್ಯಾನ್ ಇರುವುದರಿಂದ ಸದ್ದು. ಆದ್ದರಿಂದ ಮೊದಲು ಕಡಿಮೆ ಮಾಡಬೇಕಾದದ್ದು ಬಿಸಿಯನ್ನು, ಮತ್ತು ಆ ವಿಷಯದಲ್ಲಿ ನಿಮ್ಮ ಪ್ರೊಸೆಸರ್ ಆಯ್ಕೆ ಚೆನ್ನಾಗಿಯೇ ಇದೆ. ರೈಜನ್ 5 7600 ಅನ್ನು 65 ವ್ಯಾಟಿನದು ಎನ್ನುತ್ತಾರಾದರೂ ಪೂರ್ತಿ ಹೊರೆ ಬಿದ್ದಾಗ ಅದು 88 ವ್ಯಾಟ್‌ವರೆಗೆ ಎಳೆಯುತ್ತದೆ. ಯಂತ್ರ ಆನ್ ಆಗುವಾಗ ತೆರೆಯಬಹುದಾದ ಬಯೋಸ್ ಎಂಬ ಸೆಟ್ಟಿಂಗ್ ಪುಟದಲ್ಲಿ ಇಕೋ ಮೋಡ್ ಎಂಬ ಆಯ್ಕೆಯನ್ನು 45 ವ್ಯಾಟ್‌ಗೆ ಇಟ್ಟರೆ ಆ ಗರಿಷ್ಠ ಮಿತಿ 61 ವ್ಯಾಟ್‌ಗೆ ಇಳಿಯುತ್ತದೆ. ಧ್ವನಿಮುದ್ರಣಕ್ಕೆ ಇದರಿಂದ ಯಾವ ಕೊರತೆಯೂ ಆಗುವುದಿಲ್ಲ. ಒಂದು ಪಾಠವನ್ನು ಎಂಪಿ3 ಮಾಡುವಾಗ ಕೆಲವು ಸೆಕೆಂಡು ಹೆಚ್ಚು ಹಿಡಿಯಬಹುದು, ಅಷ್ಟೇ. ಈ ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇರುವುದರಿಂದ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ, ಅದರ ಎರಡು ಫ್ಯಾನುಗಳೂ ಬೇಡ. ಒಂದು ಎಚ್ಚರಿಕೆ: 7600 ಸಿಗಲಿಲ್ಲವೆಂದು ಅಂಗಡಿಯವರು 7500ಎಫ್ ಕೊಟ್ಟರೆ ಒಪ್ಪಬೇಡಿ. ಅದರಲ್ಲಿ ಗ್ರಾಫಿಕ್ಸ್ ಇಲ್ಲ.

ಇನ್ನು ಫ್ಯಾನಿನ ಲೆಕ್ಕ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯ ಪ್ರಮಾಣವೂ ಅರ್ಧಕ್ಕೆ ಇಳಿಯುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್‌ನಷ್ಟು ಬೀಳುತ್ತದೆ. 10 ಡೆಸಿಬೆಲ್ ಬಿದ್ದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸುತ್ತದೆ. ಇದಕ್ಕೆ ಎದುರಾಗಿ, ಒಂದೇ ವೇಗದ ಇನ್ನೊಂದು ಫ್ಯಾನನ್ನು ಸೇರಿಸಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ ಒಂದು ಫ್ಯಾನನ್ನು ಜೋರಾಗಿ ಓಡಿಸುವ ಬದಲು ಎರಡನ್ನು ಅರ್ಧ ವೇಗದಲ್ಲಿ ತಿರುಗಿಸಿದರೆ ಗಾಳಿ ಅಷ್ಟೇ ಬರುತ್ತದೆ, ಸದ್ದು ಮಾತ್ರ 12 ಡೆಸಿಬೆಲ್ ಕಡಿಮೆಯಾಗುತ್ತದೆ. ಗಾತ್ರದಿಂದಲೂ ಇದೇ ಲಾಭ: 140 ಮಿ.ಮೀ. ಫ್ಯಾನಿನ ವಿಸ್ತೀರ್ಣ 120ರದಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ದೊಡ್ಡದು. ನನ್ನ ಅನುಭವದಲ್ಲಿ ಒಳ್ಳೆಯ 140 ಮಿ.ಮೀ. ಫ್ಯಾನ್ ನಿಮಿಷಕ್ಕೆ 600 ಸುತ್ತಿನಲ್ಲಿ ತಿರುಗುತ್ತಿದ್ದರೆ ಒಂದು ಮೀಟರ್ ದೂರದಲ್ಲಿ ಅದು ಓಡುತ್ತಿದೆಯೋ ಇಲ್ಲವೋ ಎಂದು ಕೈಯೊಡ್ಡಿ ನೋಡಿಯೇ ತಿಳಿಯಬೇಕು.

ಆದರೆ ಫ್ಯಾನ್ ನಿಧಾನವಾಗಿ ತಿರುಗಬೇಕಾದರೆ ಗಾಳಿಗೆ ಅಡ್ಡಿ ಇರಬಾರದು. ನಿಮಗೆ ತೋರಿಸಿದ ಕ್ಯಾಬಿನೆಟ್ ಬಗ್ಗೆ ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಮುಂದೆ ಇಡೀ ಗಾಜಿದ್ದರೆ ಗಾಳಿ ಪಕ್ಕದ ಬೆರಳಗಲದ ಸೀಳಿನಲ್ಲಿ ನುಸುಳಿ ಬರಬೇಕು. ಅಂಗಡಿಗೆ ಹೋಗುವಾಗ ಒಂದು ಊದಿನಕಡ್ಡಿ ಒಯ್ಯಿರಿ. ಓಡುತ್ತಿರುವ ಯಂತ್ರದ ಮುಂದೆ ನಾಲ್ಕು ಬೆರಳು ದೂರದಲ್ಲಿ ಹಿಡಿದರೆ, ಜಾಲರಿ ಮುಖದ ಕ್ಯಾಬಿನೆಟ್ಟಿನಲ್ಲಿ ಹೊಗೆಯ ಎಳೆ ಬಾಗಿ ನೇರವಾಗಿ ಒಳಗೆ ಹೋಗುತ್ತದೆ. ಗಾಜಿನ ಮುಖದ್ದರಲ್ಲಿ ಹೊಗೆ ಗಾಜಿಗೆ ತಾಗಿ ಮೇಲಕ್ಕೇರುತ್ತದೆ, ಅಂಚಿನ ಬಳಿ ಮಾತ್ರ ಸ್ವಲ್ಪ ಒಳಗೆಳೆದುಕೊಳ್ಳುತ್ತದೆ. ಅಗ್ಗದ ಕ್ಯಾಬಿನೆಟ್ಟುಗಳ ದೀಪದ ಫ್ಯಾನುಗಳಲ್ಲಿ ಇನ್ನೊಂದು ತೊಂದರೆಯಿದೆ. ಅವುಗಳಲ್ಲಿ ಹಲವು, ವೇಗವನ್ನು ನಿಯಂತ್ರಿಸುವ ಮದರ್‌ಬೋರ್ಡಿಗೆ ಸೇರುವುದೇ ಇಲ್ಲ. ನೇರವಾಗಿ, ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನ ದೊಡ್ಡ ನಾಲ್ಕು ಪಿನ್ನಿನ ವೈರಿಗೆ ಸೇರಿ, ಯಂತ್ರ ಆನ್ ಆದ ಕ್ಷಣದಿಂದ ಆಫ್ ಆಗುವವರೆಗೆ ಪೂರ್ತಿ 12 ವೋಲ್ಟಿನಲ್ಲಿ, ಪೂರ್ತಿ ವೇಗದಲ್ಲಿ ಓಡುತ್ತವೆ. ನಾನೇ ಆರಂಭದ ವರ್ಷಗಳಲ್ಲಿ ಒಬ್ಬ ಸಂಗೀತ ಶಿಕ್ಷಕಿಗೆ ಅಂಥದ್ದೊಂದನ್ನು ನೋಡದೆ ಜೋಡಿಸಿಕೊಟ್ಟು, ವಾರದೊಳಗೆ ಎಲ್ಲ ಫ್ಯಾನುಗಳನ್ನೂ ಬಿಚ್ಚಿ ಬದಲಾಯಿಸಬೇಕಾಯಿತು.

ಸ್ಪಂಜಿನ ಮಾತು ಪೂರ್ತಿ ಸುಳ್ಳಲ್ಲ. ಆ ಹಾಳೆಗಳು ಕೀರಲು ಸದ್ದನ್ನು ಹೀರುತ್ತವೆ, ಗುಂಯ್ ಎಂಬ ತಗ್ಗಿನ ಸದ್ದನ್ನು ಹೆಚ್ಚೇನೂ ಹೀರುವುದಿಲ್ಲ. ಏಳು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ ರೆಕ್ಕೆಗಳು ಎಬ್ಬಿಸುವ ಸ್ವರ 140 ಹರ್ಟ್ಸ್‌ನದು. 7200 ವೇಗದ ಹಾರ್ಡ್ ಡಿಸ್ಕಿನ ಗುನುಗು 120 ಹರ್ಟ್ಸ್‌ನದು. ನಿಮ್ಮ ವಿದ್ಯಾರ್ಥಿನಿ ಹೇಳಿದ ಗಿರಣಿ ಬಹುಶಃ ಇವೆರಡರಲ್ಲೊಂದು, ಅಥವಾ ಎರಡೂ. ತೆಳು ಸ್ಪಂಜು ಅದನ್ನು ತಡೆಯದು, ಆದರೆ ಮುಚ್ಚಿದ ಮುಖ ಮಾತ್ರ ಫ್ಯಾನನ್ನು ಇನ್ನಷ್ಟು ವೇಗಕ್ಕೆ ದೂಡುತ್ತದೆ. ಹಾರ್ಡ್ ಡಿಸ್ಕನ್ನು ಒಳಗಿಡಲೇಬೇಡಿ. ಒಳಗೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇರಲಿ, ಹಳೆಯ ಮುದ್ರಣಗಳನ್ನು ಹೊರಗಿನ ಡಿಸ್ಕಿನಲ್ಲಿಟ್ಟು, ಓದುವಾಗ ಅದರ ವೈರು ಕಳಚಿಡಿ.

ಆದ್ದರಿಂದ ನನ್ನ ಸಲಹೆ ಜಾಲರಿ ಮುಖದ ಕ್ಯಾಬಿನೆಟ್. ಕೋರ್ಸೇರ್ 4000ಡಿ ಏರ್‌ಫ್ಲೋ ತೆಗೆದುಕೊಂಡು, ಮುಂದೆ ಎರಡು 140 ಮಿ.ಮೀ. ಫ್ಯಾನ್ ಹಾಕಿ, ಅದರೊಡನೆ ಬರುವ 120ರದನ್ನು ಹಿಂದೆ ಒಂದೇ ಒಂದು ಉಳಿಸಿಕೊಳ್ಳಿ. ಆರ್ಕ್ಟಿಕ್ ಪಿ14 ಈ ಕೆಲಸಕ್ಕೆ ಬೆಲೆಗೆ ತಕ್ಕ ಫ್ಯಾನ್. ಲಿಯಾನ್ ಲಿ ಲ್ಯಾನ್‌ಕೂಲ್ 216 ಕೂಡ ಒಳ್ಳೆಯದೇ, ಮುಂದೆ ಎರಡು 160 ಮಿ.ಮೀ. ಫ್ಯಾನುಗಳು ಅದರೊಡನೆಯೇ ಬರುತ್ತವೆ, ಆದರೆ ಜಾಗ ಹೆಚ್ಚು ಬೇಡುತ್ತದೆ. ಪ್ರೊಸೆಸರಿನ ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಕೂಲರನ್ನು ಬಳಸಬೇಡಿ. ಅದು ಕೆಲಸ ಮಾಡುತ್ತದೆ, ಆದರೆ ಕೂಗುತ್ತದೆ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಎಂಬ ಕೂಲರಿನಲ್ಲಿ ಬಿಸಿ ಹೊರಹಾಕುವ ಎರಡು ಹೀಟ್‌ಸಿಂಕ್ ಗೋಪುರ, ಆರು ತಾಮ್ರದ ಕೊಳವೆ, ಎರಡು ಫ್ಯಾನ್ ಇವೆ. 61 ವ್ಯಾಟ್‌ಗೆ ಅದು ಅಗತ್ಯಕ್ಕಿಂತ ದೊಡ್ಡದೇ, ಮತ್ತು ನಮಗೆ ಬೇಕಾಗಿರುವುದು ಆ ಹೆಚ್ಚುವರಿಯೇ. ಅದರ ಎತ್ತರ 155 ಮಿ.ಮೀ., ಕ್ಯಾಬಿನೆಟ್ಟಿನಲ್ಲಿ 170ರವರೆಗೆ ಜಾಗವಿದೆ. ಬೇರೆ ಯಾವುದನ್ನೇ ಕೊಂಡರೂ ಈ ಎರಡು ಅಂಕಿಗಳನ್ನು ಹೋಲಿಸದೆ ಹಣ ಕೊಡಬೇಡಿ.

ವಾಟರ್ ಕೂಲರ್ ಬೇಡವೆನ್ನಲು ಕಾರಣ ಸರಳ. ಅದರಲ್ಲಿಯೂ ಫ್ಯಾನುಗಳಿವೆ, ಮೇಲಿಂದ ಒಂದು ಪಂಪೂ ಇದೆ. ಯಂತ್ರ ಸುಮ್ಮನೆ ಕುಳಿತಾಗಲೂ ಪಂಪು ನಿಲ್ಲುವುದಿಲ್ಲ. ವರ್ಷಗಳು ಕಳೆದಂತೆ ಒಳಗಿನ ದ್ರವ ಕೊಳವೆಯ ಮೂಲಕವೇ ಸ್ವಲ್ಪ ಸ್ವಲ್ಪ ಆರುತ್ತ ಹೋಗಿ, ಗಾಳಿಗುಳ್ಳೆಗಳು ಪಂಪಿಗೆ ಸೇರಿದರೆ ಗೊಳಗೊಳ ಸದ್ದು ಶುರುವಾಗುತ್ತದೆ. 200 ವ್ಯಾಟ್ ದಾಟುವ ಪ್ರೊಸೆಸರಿಗೆ ಅದು ಅರ್ಥವುಳ್ಳ ಆಯ್ಕೆ, ನಿಮ್ಮದಕ್ಕೆ ಅಲ್ಲ.

ಉತ್ತರ: ಬೆಂಗಳೂರಿನಿಂದ

ಮೇಲಿನವರ ಮಾತಿಗೆ ನನ್ನದೊಂದು ಸಣ್ಣ ತಿದ್ದುಪಡಿ ಇದೆ. ಮುಚ್ಚಿದ ಕ್ಯಾಬಿನೆಟ್ಟನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ನಾಲ್ಕು ವರ್ಷಗಳಿಂದ ನಾನು ಫ್ರ್ಯಾಕ್ಟಲ್ ಡಿಫೈನ್ 7 ಬಳಸುತ್ತಿದ್ದೇನೆ. ಮುಂದೆ ಬಾಗಿಲು, ಒಳಗೆ ಶಬ್ದ ಹೀರುವ ಹಾಳೆ ಇರುವ ಕ್ಯಾಬಿನೆಟ್ ಅದು. ಒಳಗಿನ ಬಿಸಿ ಕಡಿಮೆಯಿದ್ದಾಗ, ಅಂದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಇಂಥ ಯಂತ್ರದಲ್ಲಿ, ಮುಚ್ಚಿದ ಮುಖದಿಂದ ಆಗುವ ನಷ್ಟ ದೊಡ್ಡದಲ್ಲ, ಬದಲಿಗೆ ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡಿನ ಸುರುಳಿಗಳಿಂದ ಬರುವ ಸಣ್ಣ ಕೀರಲು ಸದ್ದು ಹೊರಗೆ ಬರುವುದಿಲ್ಲ. ಮೈಕಿಗೆ ಆ ಕೀರಲು ಬೇಗ ಹತ್ತುತ್ತದೆ. ಆದರೆ ನನ್ನ ಅನುಭವ ಬೆಂಗಳೂರಿನ ಹವೆಯದು, ಕಲಬುರಗಿಯ ಮೇ ತಿಂಗಳನ್ನು ನಾನು ಕಂಡವನಲ್ಲ. ಬೆಲೆಯಲ್ಲಿಯೂ ಅದು ನಿಮ್ಮ ಮಿತಿಯನ್ನು ಮೀರಬಹುದು.

ಎಸ್‌ಎಂಪಿಎಸ್ ವಿಷಯವನ್ನು ಯಾರೂ ಎತ್ತಿಲ್ಲವಾದ್ದರಿಂದ ಹೇಳುತ್ತೇನೆ. ಸೈಬೆನೆಟಿಕ್ಸ್ ಎಂಬ ಪರೀಕ್ಷಾ ಸಂಸ್ಥೆ ಅವುಗಳ ಸದ್ದಿಗೆ ದರ್ಜೆ ಕೊಡುತ್ತದೆ: 15 ಡೆಸಿಬೆಲ್‌ಗಿಂತ ಕಡಿಮೆಯಿದ್ದರೆ ಎ ಡಬಲ್ ಪ್ಲಸ್, 15ರಿಂದ 20 ಇದ್ದರೆ ಎ ಪ್ಲಸ್. ಹೊರೆ ಕಡಿಮೆಯಿದ್ದಾಗ ಫ್ಯಾನ್ ಪೂರ್ತಿ ನಿಲ್ಲುವಂಥ, 550 ಅಥವಾ 650 ವ್ಯಾಟಿನ, ಈ ಎರಡು ದರ್ಜೆಗಳಲ್ಲೊಂದನ್ನು ಪಡೆದ ಎಸ್‌ಎಂಪಿಎಸ್ ಕೊಂಡರೆ ನಿಮ್ಮ ಯಂತ್ರದಲ್ಲಿ ಅದರ ಫ್ಯಾನ್ ದಿನದ ಬಹುಪಾಲು ತಿರುಗುವುದೇ ಇಲ್ಲ.

ಮರುಪ್ರಶ್ನೆ: ಕಲಬುರಗಿಯಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದ. ಊದಿನಕಡ್ಡಿಯ ಪರೀಕ್ಷೆಯನ್ನು ನಿನ್ನೆ ಅಂಗಡಿಯಲ್ಲಿ ಮಾಡಿಯೇಬಿಟ್ಟೆ. ನೀವು ಹೇಳಿದಂತೆಯೇ ಹೊಗೆ ಗಾಜಿನ ಮೇಲೆ ಹತ್ತಿ ಹೋಯಿತು. ಅಂಗಡಿಯ ಹುಡುಗ ತಾನೂ ಎರಡು ಮೂರು ಕ್ಯಾಬಿನೆಟ್ಟುಗಳ ಮುಂದೆ ಹಿಡಿದು ನೋಡಿದ.

ಎರಡು ಸಂದೇಹಗಳು ಉಳಿದಿವೆ. ಮೊದಲನೆಯದು, ಬೇಸಿಗೆಯಲ್ಲಿ ಬಾಗಿಲು ಮುಚ್ಚಿದ ನನ್ನ ಕೋಣೆ 38 ಡಿಗ್ರಿ ಇರುತ್ತದೆ. ಅಂಥ ಬಿಸಿಯಲ್ಲಿ ಫ್ಯಾನನ್ನು ನಿಧಾನಗೊಳಿಸಿದರೆ ಪ್ರೊಸೆಸರ್ ಸುಟ್ಟುಹೋಗುವ ಭಯವಿಲ್ಲವೇ? ಎರಡನೆಯದು, ನಮ್ಮ ಕಡೆ ಧೂಳು ವಿಪರೀತ. ಹಳೆಯ ಯಂತ್ರವನ್ನು ಬಿಚ್ಚಿದಾಗ ಹೀಟ್‌ಸಿಂಕಿನ ಪದರಗಳ ನಡುವೆ ಬೂದುಬಣ್ಣದ ಕಂಬಳಿಯನ್ನೇ ಹಾಸಿದಂತಿತ್ತು. ಬೆರಳಲ್ಲಿ ಹಿಡಿದೆಳೆದರೆ ಒಂದೇ ತುಂಡಾಗಿ ಎದ್ದು ಬಂತು. ಜಾಲರಿ ಮುಖದಿಂದ ಧೂಳು ಇನ್ನೂ ಹೆಚ್ಚಾಗುವುದಿಲ್ಲವೇ?

ಉತ್ತರ: ಮೈಸೂರಿನಿಂದ

ಸುಟ್ಟುಹೋಗುವುದಿಲ್ಲ, ಸರ್. ಈ ಪ್ರೊಸೆಸರಿನ ಗರಿಷ್ಠ ಮಿತಿ 95 ಡಿಗ್ರಿ, ಅಲ್ಲಿಗೆ ಮುಟ್ಟಿದರೆ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಕೋಣೆಯ ಬಿಸಿ ಎಷ್ಟು ಡಿಗ್ರಿ ಏರುತ್ತದೆಯೋ ಪ್ರೊಸೆಸರಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ ಎಂದು ಇಟ್ಟುಕೊಳ್ಳಿ. 25 ಡಿಗ್ರಿಯ ಕೋಣೆಯಲ್ಲಿ 55 ತೋರಿಸುವ ಯಂತ್ರ ನಿಮ್ಮ 38ರ ಕೋಣೆಯಲ್ಲಿ 68 ತೋರಿಸುತ್ತದೆ, ಮತ್ತು ಅದು ರೋಗದ ಲಕ್ಷಣವಲ್ಲ. ತೊಂದರೆ ಇರುವುದು ಕಾರ್ಖಾನೆಯಿಂದ ಬಂದ ಫ್ಯಾನ್ ಕರ್ವ್‌ನಲ್ಲಿ, ಅಂದರೆ ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಎಂಬ ಹೊಂದಾಣಿಕೆಯಲ್ಲಿ: ಅನೇಕ ಮದರ್‌ಬೋರ್ಡುಗಳಲ್ಲಿ ಫ್ಯಾನುಗಳು 50 ಡಿಗ್ರಿಗೇ ಏರಲು ಶುರುಮಾಡುತ್ತವೆ. ತಂಪು ದೇಶಕ್ಕೆ ಅದು ಸರಿ; ನಿಮ್ಮಲ್ಲಿ ಯಂತ್ರ ಸುಮ್ಮನಿದ್ದಾಗಲೇ ಆ ಗೆರೆ ದಾಟಿರುತ್ತದೆ. ಬಯೋಸ್‌ನಲ್ಲಿ 72 ಡಿಗ್ರಿಯವರೆಗೆ ವೇಗ ಒಂದೇ ಸಮ ಇರುವಂತೆ ಇಟ್ಟು, ಅಲ್ಲಿಂದ 85ರವರೆಗೆ ಏರಿಸಿ. ಈ ಪ್ರೊಸೆಸರಿನ ಬಿಸಿ ಕ್ಷಣದಲ್ಲಿ ಹತ್ತು ಡಿಗ್ರಿ ಜಿಗಿದು ಮರುಕ್ಷಣ ಇಳಿಯುವ ಸ್ವಭಾವದ್ದು, ಆದ್ದರಿಂದ ಫ್ಯಾನ್ ಪ್ರತಿಕ್ರಿಯಿಸುವ ಮುನ್ನ ಮೂರು ನಾಲ್ಕು ಸೆಕೆಂಡು ಕಾಯುವ ಆಯ್ಕೆಯನ್ನೂ ಹಾಕಿ. ಕ್ಯಾಬಿನೆಟ್ ಫ್ಯಾನುಗಳನ್ನು ಪ್ರೊಸೆಸರಿನ ಬಿಸಿಗೆ ಜೋಡಿಸದೆ ಮದರ್‌ಬೋರ್ಡಿನ ಬಿಸಿಗೆ ಜೋಡಿಸಿದರೆ ಅವು ಇನ್ನೂ ಸಮಾಧಾನವಾಗಿರುತ್ತವೆ.

ಧೂಳು ಬರುವುದು ಎಲ್ಲಿಂದ ಗಾಳಿ ಒಳಗೆ ಬರುತ್ತದೆಯೋ ಅಲ್ಲಿಂದ. ಒಳಗೆ ತಳ್ಳುವ ಗಾಳಿ ಹೊರಗೆಳೆಯುವುದಕ್ಕಿಂತ ಹೆಚ್ಚಿದ್ದರೆ ಸಂದುಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ, ಮತ್ತು ಧೂಳಿನ ಬಹುಪಾಲು ಮುಂದಿನ ಫಿಲ್ಟರಿನಲ್ಲೇ ನಿಲ್ಲುತ್ತದೆ. ಮುಂದೆ ಎರಡು ದೊಡ್ಡ ಫ್ಯಾನ್, ಹಿಂದೆ ಒಂದೇ ಚಿಕ್ಕದು ಎಂದದ್ದು ಇದಕ್ಕಾಗಿಯೇ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಕ್ಯಾಬಿನೆಟ್ಟನ್ನು ನೆಲದ ಮೇಲಿಡದೆ ಒಂದು ಮಣೆಯ ಮೇಲಿಡಿ. ಕಸ ಗುಡಿಸುವಾಗ ಏಳುವ ಧೂಳು ನೆಲದಿಂದ ಅರ್ಧ ಅಡಿಯೊಳಗೇ ಹೆಚ್ಚು.

ಕೊನೆಯದಾಗಿ, ಪ್ಲಗ್ ಹಾಕುವ ಸಾಕೆಟ್ಟಿಗೆ ಅರ್ತಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಅದಿಲ್ಲದ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಮೈಕಿನಲ್ಲಿಯೂ ಗುಂಯ್ ಎಂದು ಬರುತ್ತದೆ. ಆ ಸದ್ದನ್ನು ಫ್ಯಾನಿನದೆಂದು ತಿಳಿದು ಎಷ್ಟು ಫ್ಯಾನ್ ಬದಲಾಯಿಸಿದರೂ ಹೋಗುವುದಿಲ್ಲ.

ಉತ್ತರ: ಮಂಗಳೂರಿನಿಂದ

ನಾನು ಧ್ವನಿಮುದ್ರಣದ ಕಡೆಯವಳು, ಕಂಪ್ಯೂಟರಿನ ಒಳಗುಟ್ಟು ಅಷ್ಟಾಗಿ ತಿಳಿಯದು. ಆದರೆ ಕೇಳುವ ಮಕ್ಕಳ ಕಿವಿಯಿಂದ ನೋಡಿದರೆ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಸದ್ದು ಕಡಿಮೆಯಿರುವುದು ಎಷ್ಟು ಮುಖ್ಯವೋ ಅದು ಬದಲಾಗದೆ ಇರುವುದೂ ಅಷ್ಟೇ ಮುಖ್ಯ. ಒಂದೇ ಸಮನಾದ ಸಣ್ಣ ಸದ್ದನ್ನು ಆಡಾಸಿಟಿಯಂಥ ತಂತ್ರಾಂಶದಲ್ಲಿ ಮಾದರಿ ಕೊಟ್ಟು ತೆಗೆದುಹಾಕಬಹುದು. ಏರಿ ಇಳಿಯುವ ಸದ್ದಿಗೆ ಒಂದು ಮಾದರಿ ಎಂಬುದೇ ಇರುವುದಿಲ್ಲವಾದ್ದರಿಂದ ತೆಗೆಯಲು ಹೋದರೆ ಮಾತಿನ ಶಕಾರ, ಸಕಾರಗಳೇ ಸವೆದು ನೀರಿನೊಳಗಿಂದ ಓದಿದಂತೆ ಕೇಳಿಸುತ್ತದೆ. ಆದ್ದರಿಂದ ಓದುವ ಹೊತ್ತಿಗೆ ಫ್ಯಾನುಗಳೆಲ್ಲ ಒಂದೇ ವೇಗದಲ್ಲಿ ನಿಲ್ಲುವಂತೆ ಮಾಡಿಕೊಳ್ಳಿ. ಪ್ರತಿ ಪಾಠದ ಆರಂಭದಲ್ಲಿ ಹತ್ತು ಸೆಕೆಂಡು ಸುಮ್ಮನೆ ಕುಳಿತು ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ.

ಅಮೆಜಾನಿನ ಆಡಿಯೊ ಪುಸ್ತಕ ವೇದಿಕೆ ಎಸಿಎಕ್ಸ್, ಹಿನ್ನೆಲೆಯ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕೆಂದು ಕೇಳುತ್ತದೆ (ಇಲ್ಲಿ ಸೊನ್ನೆ ಎಂದರೆ ಮುದ್ರಣ ತಡೆಯಬಲ್ಲ ಅತಿ ಜೋರಿನ ಮಟ್ಟ). ನಿಮ್ಮ ಗುರಿಯೂ ಅದೇ ಇರಲಿ. ಯಂತ್ರ ಮೇಜಿನ ಮೇಲಿದ್ದರೆ ಇವತ್ತೇ ಕೆಳಗಿಳಿಸಿ, ಆದಷ್ಟು ದೂರ ಸರಿಸಿ. ಬಯಲಿನಲ್ಲಾದರೆ ದೂರ ಎರಡರಷ್ಟಾದಾಗ ಸದ್ದು 6 ಡೆಸಿಬೆಲ್ ಬೀಳುತ್ತದೆ. ಫರಸಿ ನೆಲದ ಚಿಕ್ಕ ಕೋಣೆಯಲ್ಲಿ ಅಷ್ಟು ಬೀಳುವುದಿಲ್ಲ, ಏಕೆಂದರೆ ಕಲ್ಲು ಮತ್ತು ಗೋಡೆಗೆ ಬಡಿದ ಸದ್ದು ತಿರುಗಿ ಬರುತ್ತದೆ. ನಿಮ್ಮ ಕಡೆಯ ದಪ್ಪ ಕೌದಿಗಳಿಗಿಂತ ಒಳ್ಳೆಯ ಮದ್ದು ಇದಕ್ಕೆ ಬೇರೆ ಬೇಡ. ಒಂದನ್ನು ನೆಲಕ್ಕೆ ಹಾಸಿ, ಎರಡನ್ನು ನಿಮ್ಮ ಬೆನ್ನ ಹಿಂದಿನ ಗೋಡೆಗೆ ತೂಗುಹಾಕಿ. ಮೈಕು ಕಾರ್ಡಿಯಾಯ್ಡ್ ಬಗೆಯದಾದರೆ ಅದರ ಹಿಂಬದಿಗೆ ಕಿವಿ ಮಂದ, ಆದ್ದರಿಂದ ಅದರ ಬೆನ್ನು ನೇರವಾಗಿ ಕಂಪ್ಯೂಟರಿನ ಕಡೆಗಿರಲಿ. ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಓದಬೇಡಿ. ಅದರ ಗುನುಗು ಬೇರೆಯದೇ ಸ್ವರದಲ್ಲಿ ಸೇರಿಕೊಳ್ಳುತ್ತದೆ.

ಐದು ವಾರಗಳ ನಂತರ: ಕಲಬುರಗಿಯಿಂದ

ಯಂತ್ರ ಸಿದ್ಧವಾಗಿದೆ. ಕೋರ್ಸೇರ್ 4000ಡಿ, ಮುಂದೆ ಎರಡು ಪಿ14, ಹಿಂದೆ ಒಂದು, ಪೀರ್‌ಲೆಸ್ ಅಸಾಸಿನ್ ಕೂಲರ್, ಇಕೋ ಮೋಡ್ 45ರಲ್ಲಿ. ಮುಂದಿನ ಫ್ಯಾನುಗಳನ್ನು 550 ಸುತ್ತಿಗೆ, ಕೂಲರಿನವನ್ನು 600ಕ್ಕೆ ನಿಲ್ಲಿಸಿದ್ದೇನೆ. ಸಾಕೆಟ್ಟಿಗೆ ಅರ್ತಿಂಗ್ ಇರಲಿಲ್ಲ, ಅದನ್ನೂ ಹಾಕಿಸಿದೆ.

ಹಳೆಯ ಯಂತ್ರದಲ್ಲಿ ಮುದ್ರಿಸಿದ ಹತ್ತು ಸೆಕೆಂಡಿನ ಮೌನ ಮೈನಸ್ 49 ಡೆಸಿಬೆಲ್ ತೋರಿಸುತ್ತಿತ್ತು. ಹೊಸದನ್ನು ಅದೇ ಮೇಜಿನ ಮೇಲೆ, ಅದೇ ಜಾಗದಲ್ಲಿಟ್ಟಾಗ ಮೈನಸ್ 58 ಬಂತು. ಕೆಳಗಿಳಿಸಿ, ಮೈಕು ತಿರುಗಿಸಿ, ಮೂರು ಕೌದಿ ಹಾಕಿದ ಮೇಲೆ ಮೈನಸ್ 64. ಮೊನ್ನೆ ಮಧ್ಯಾಹ್ನ ಕೋಣೆ 37 ಡಿಗ್ರಿ ಇದ್ದಾಗ ಒಂದು ಗಂಟೆ ಓದಿದೆ. ಪ್ರೊಸೆಸರ್ 66 ದಾಟಲಿಲ್ಲ, ಫ್ಯಾನುಗಳು ಇದ್ದ ವೇಗದಲ್ಲೇ ಇದ್ದವು. ಮೊದಲ ಫಿಲ್ಟರ್ ತೊಳೆದಾಗ ಬಂದ ನೀರಿನ ಬಣ್ಣ ನೋಡಿ, ಹದಿನೈದು ದಿನವೂ ನಮ್ಮ ಊರಿಗೆ ಹೆಚ್ಚಾಯಿತೆಂದು ಹತ್ತು ದಿನಕ್ಕೊಮ್ಮೆ ತೊಳೆಯುತ್ತಿದ್ದೇನೆ.

ಆ ವಿದ್ಯಾರ್ಥಿನಿಗೆ ಹೊಸ ಪಾಠವೊಂದನ್ನು ಏನೂ ಹೇಳದೆ ಕಳುಹಿಸಿದ್ದೆ. ಮರುದಿನ ಫೋನ್ ಮಾಡಿ, "ಸರ್, ಈ ಪಾಠವನ್ನು ಬೇರೆ ಮನೆಯಲ್ಲಿ ಕೂತು ಓದಿದಿರಾ?" ಎಂದು ಕೇಳಿದಳು. ಈಗ ಹತ್ತನೇ ತರಗತಿಯ ವಿಜ್ಞಾನದ ಹಳೆಯ ಮುದ್ರಣಗಳನ್ನು ಮೊದಲ ಪಾಠದಿಂದ ಮತ್ತೆ ಓದಲು ಆರಂಭಿಸಿದ್ದೇನೆ.